ಗ್ಯೋಟೋಕುವಿನಲ್ಲೊಂದು ಆಧ್ಯಾತ್ಮಿಕ ಬಿಕ್ಕಟ್ಟು

ಟೋಕಿಯೋ ಪಕ್ಕದ ಗ್ಯೋಟೋಕು ಸ್ಟೇಷನ್ನಿನಲ್ಲಿ ಬೆಳಗಿನ ಟೋಜಾಯ್ ಲೈನ್ ರೈಲು ಹತ್ತುವ ಕನ್ನಡಿಗರಲ್ಲಿ ಸೊಂಟನೋವಿನವರಿದ್ದರು, ಸಕ್ಕರೆ ಕಾಯಿಲೆಯವರಿದ್ದರು, ವೀಸಾ ಚಿಂತೆಯಲ್ಲಿ ಕೂದಲು ಉದುರಿಸಿಕೊಂಡವರಿದ್ದರು. ಆಧ್ಯಾತ್ಮಿಕ ಬಿಕ್ಕಟ್ಟು ಇದ್ದದ್ದು ಮಾತ್ರ ದ್ವಾರಕಾನಾಥನೊಬ್ಬನಿಗೆ. ಬೇರೆಯವರ ಕಾಯಿಲೆಗಳೆಲ್ಲ ಔಷಧಿಗೆ ಬಗ್ಗುವಂಥವು, ತನ್ನದು ಹಾಗಲ್ಲ ಎಂಬ ಹೆಮ್ಮೆ ಅವನಿಗಿತ್ತು. ಯಾರಾದರೂ ಬಾಯಿತಪ್ಪಿ "ಹೇಗಿದ್ದೀರಾ ಸರ್?" ಎಂದು ಕೇಳಿಬಿಟ್ಟರೆ ಇಳಿಯುವ ಸ್ಟೇಷನ್ ಬರುವವರೆಗೆ ಅವರಿಗೆ ಬಿಡುಗಡೆಯಿಲ್ಲ. ಜಪಾನಿನ ರೈಲಿನಲ್ಲಿ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಬರೆಯುವವರು ದ್ವಾರಕಾನಾಥನ ಪಕ್ಕ ನಿಂತು ಪ್ರಯಾಣ ಮಾಡಿದವರಲ್ಲ.

ಮೈಸೂರಿನ ಸರಸ್ವತಿಪುರಂ ಹುಡುಗ. ಇಂಜಿನಿಯರಿಂಗ್ ಓದಿ, ಸಾಫ್ಟ್‌ವೇರ್ ಕಂಪನಿ ಸೇರಿ, ಆರು ತಿಂಗಳಿಗೆಂದು ಟೋಕಿಯೋಗೆ ಬಂದವನು ಇಲ್ಲೇ ಬೇರುಬಿಟ್ಟಿದ್ದ. ವಿಮಾ ಕಂಪನಿಯೊಂದರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಸಂಬಳ ಕೊಟ್ಟು ತಪ್ಪು ಹುಡುಕಿಸಿದರೆ ಮನುಷ್ಯನಿಗೆ ಅದೇ ಚಾಳಿಯಾಗುತ್ತದೆ. ಅನ್ನ ಮುದ್ದೆಯಾಗಿದೆ, ಪಕ್ಕದ ಮನೆಯವರು ಬಾಗಿಲು ಜೋರಾಗಿ ಹಾಕುತ್ತಾರೆ, ಮಗಳು ಲಾಸ್ಯಾ ಕನ್ನಡದಲ್ಲಿ ಕೇಳಿದ್ದಕ್ಕೆ ಜಪಾನಿಯಲ್ಲಿ ಉತ್ತರ ಕೊಡುತ್ತಾಳೆ, ಹೀಗೆ. ಬಿಕ್ಕಟ್ಟು ಶುರುವಾದದ್ದು ತನಗಿಂತ ಕಿರಿಯನಾದ ಮಧುಕರ್ ಎಂಬುವನನ್ನು ಕಂಪನಿಯವರು ಮ್ಯಾನೇಜರ್ ಮಾಡಿದ ಏಪ್ರಿಲ್ ತಿಂಗಳಲ್ಲಿ. ಆ ಬಡ್ತಿಗೂ ತನ್ನ ಆತ್ಮದ ಸ್ಥಿತಿಗೂ ಏನೇನೂ ಸಂಬಂಧವಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಸಂಬಂಧವಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಅದೇ ತಿಂಗಳು ಆಫೀಸಿನ ಪಾವೆಲ್ ಎಂಬ ರಷ್ಯನ್ ಕೆಲಸ ಬಿಟ್ಟು ಹೊರಟ. ಹೋಗುವಾಗ ಕಾಫಿ ಮೆಷಿನ್ ಪಕ್ಕ ಒಂದು ರಟ್ಟಿನ ಡಬ್ಬ ಇಟ್ಟು, ಬೇಕಾದವರು ತೆಗೆದುಕೊಳ್ಳಿ ಎಂದ. ಅದರ ತುಂಬ ರಷ್ಯನ್ ಚಿಂತನೆಯ ಮೇಲಿನ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳು. ಪಾವೆಲ್ ಅವುಗಳಲ್ಲಿ ಒಂದನ್ನೂ ಬಿಚ್ಚಿರಲಿಲ್ಲ. ಅವನು ಸದಾ ನಗುತ್ತಿದ್ದ ಮನುಷ್ಯ. ಭಾನುವಾರ ಬಂದರೆ ನದಿ ದಂಡೆಯಲ್ಲಿ ಮಾಂಸ ಸುಡುವುದು, ಚಳಿಗಾಲದಲ್ಲಿ ಸ್ಕೀಯಿಂಗ್, ಇಷ್ಟೇ ಅವನ ತತ್ತ್ವಶಾಸ್ತ್ರ. ರಷ್ಯನ್ ಅಂದಮೇಲೆ ದುಃಖ ಇರಲೇಬೇಕು ಎಂದುಕೊಂಡ ಗೆಳೆಯರು ಪ್ರತಿ ಹುಟ್ಟುಹಬ್ಬಕ್ಕೂ ಒಂದೊಂದು ಪುಸ್ತಕ ಕೊಟ್ಟಿದ್ದರಂತೆ. ದ್ವಾರಕಾನಾಥ ಡಬ್ಬವನ್ನು ಹಾಗೇ ಎತ್ತಿಕೊಂಡು ಮನೆಗೆ ಬಂದ.

ಓದಿದ. ಹಳದಿ ಪೆನ್ನಿನಲ್ಲಿ ಗೆರೆ ಎಳೆದೆಳೆದು ಓದಿದ. ಚಕ್ರವರ್ತಿಗಳ ಕಾಲದ ರಷ್ಯಾದಲ್ಲಿ ಜೀತ ರದ್ದಾಗಿ, ಹಳೆಯ ಕಟ್ಟುಪಾಡುಗಳು ಸಡಿಲವಾದ ಮೇಲೆ, ಆತ್ಮಹತ್ಯೆ ಒಂದು ಸಾಂಕ್ರಾಮಿಕವಾಗಿದೆ ಎಂದು ಪತ್ರಿಕೆಗಳು ಬೊಬ್ಬೆ ಹಾಕಿದ್ದವಂತೆ. ಪಾದ್ರಿಗಳು ದೇವರನ್ನು ಬಿಟ್ಟದ್ದರ ಫಲ ಎಂದರು, ಸತ್ತವರಿಗೆ ಸಂಸ್ಕಾರವನ್ನೂ ನಿರಾಕರಿಸಿದರು. ಡಾಕ್ಟರುಗಳು ನರಗಳ ದೋಷ ಎಂದರು. ಕ್ರಾಂತಿಕಾರಿಗಳು ಸರ್ಕಾರದ ಕಡೆ ಕೈ ತೋರಿಸಿದರು. ತತ್ತ್ವಜ್ಞಾನಿಗಳು ಇವರೆಲ್ಲರನ್ನೂ ತಿದ್ದುತ್ತ, ಬದುಕಿಗೆ ಅರ್ಥವಿದೆ ಎಂಬುದನ್ನು ಮೊದಲು ರುಜುವಾತು ಮಾಡಿ, ಆಮೇಲೆ ಬದುಕಿ ಎಂದರು. ಒಂದೊಂದು ಸಾವಿನ ಮೇಲೂ ಹತ್ತಾರು ಲೇಖನ. ಹೋದವರನ್ನು ಹೋಗುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಯಾರಾದರೂ ಮಾತಾಡಿಸಿದರೇ ಎಂಬುದು ಮಾತ್ರ ಆ ಪುಸ್ತಕಗಳಲ್ಲಿ ಕಡಿಮೆ. ದ್ವಾರಕಾನಾಥನಿಗೂ ಅದು ಕೊರತೆ ಅನ್ನಿಸಲಿಲ್ಲ.

ಅವನಿಗೆ ತುಂಬಾ ಹಿಡಿಸಿದ್ದು ತೊಸ್ಕಾ ಎಂಬ ರಷ್ಯನ್ ಪದ. ಒಂದು ಭಾನುವಾರ ಹೆಂಡತಿ ಹಂಸಾ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಅವಳ ಎದುರು ಕೂತು ಅದನ್ನು ವಿವರಿಸಿದ.

"ತೊಸ್ಕಾ ಅಂದ್ರೆ ಬರೀ ಬೇಜಾರಲ್ಲ ಹಂಸಾ. ಎಲ್ಲಾ ಇರುತ್ತೆ, ಮನೆ, ಊಟ, ಫ್ಯಾಮಿಲಿ. ಆದ್ರೂ ಒಳಗಡೆ ಏನೋ ಒತ್ತುತ್ತಾ ಇರುತ್ತೆ. ಯಾಕೆ ಅಂತ ಗೊತ್ತಾಗಲ್ಲ. ಏನೋ ಬೇಕು, ಏನು ಅಂತ ಗೊತ್ತಿಲ್ಲ."

"ಹೂಂ ರೀ. ನಂಗೆ ಅರ್ಥ ಆಗುತ್ತೆ," ಎಂದಳು ಹಂಸಾ, ಲಾಸ್ಯಾಳ ಈಜುಡುಗೆಯನ್ನು ಮಡಿಸಿಡುತ್ತ.

"ಇಲ್ಲ ಇಲ್ಲ, ಅಷ್ಟು ಸುಲಭ ಅಲ್ಲ ಅದು. ಅನ್‌ಟ್ರಾನ್ಸ್‌ಲೇಟಬಲ್!" ಎಂದು ಅವನು ಅವಳ ಮಾತನ್ನು ತಳ್ಳಿಹಾಕಿದ. ಅನುವಾದ ಆಗುವುದಿಲ್ಲ ಎಂದು ಅವನು ಹೇಳಿದ್ದು, ಅನುವಾದವನ್ನೇ ಕಸುಬು ಮಾಡಿಕೊಂಡವಳಿಗೆ.

ಹೌದು, ಹಂಸಾಳ ಕೆಲಸವೇ ಅದು. ಬಂದ ಹೊಸದರಲ್ಲಿ ಕಸ ವಿಂಗಡಿಸುವ ನಿಯಮ ತಿಳಿಯಲೆಂದು ಕಲಿಯಲು ಶುರುಮಾಡಿದ ಜಪಾನಿ ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಗ್ಯೋಟೋಕು, ಫುನಾಬೊರಿ ಕಡೆಯ ನಮ್ಮವರು ಆಸ್ಪತ್ರೆಗೋ, ಮಕ್ಕಳ ಶಾಲೆಗೋ, ಪುರಸಭೆಯ ಕಚೇರಿಗೋ ಹೋಗಬೇಕಾದರೆ ಹಂಸಾಳನ್ನು ಕರೆಯುತ್ತಿದ್ದರು. ದುಭಾಷಿಗೆ ಒಂದು ನಿಯಮವಿದೆ. ರೋಗಿ "ನನಗೆ ಹೊಟ್ಟೆನೋವು" ಎಂದರೆ "ಇವರಿಗೆ ಹೊಟ್ಟೆನೋವಂತೆ" ಎನ್ನಕೂಡದು, "ನನಗೆ ಹೊಟ್ಟೆನೋವು" ಎಂದೇ ಹೇಳಬೇಕು. ಹಾಗಾಗಿ ಅವಳು ವಾರದಲ್ಲಿ ಒಂದು ದಿನ ಕಿಡ್ನಿ ಕಲ್ಲಿನವಳು, ಇನ್ನೊಂದು ದಿನ ಗರ್ಭ ನಿಲ್ಲದವಳು, ಮತ್ತೊಂದು ದಿನ ಬಾಡಿಗೆ ಅಡ್ವಾನ್ಸು ವಾಪಸ್ ಕೊಡದ ಮನೆಯೊಡೆಯನ ಮೇಲೆ ಕೂಗಾಡುವ ಗಂಡಸು. ಮನೆಗೆ ಬಂದಮೇಲೆ ಗಂಡನ ಬಿಕ್ಕಟ್ಟು ಕೇಳುವವಳು. ತನ್ನದು ಎಂದು ಒಂದು ಮಾತಾಡಿ ಅವಳಿಗೆ ಎಷ್ಟು ಕಾಲವಾಗಿತ್ತೋ, ಲೆಕ್ಕವಿಟ್ಟವರಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಜ್ಞಾನವನ್ನು ತಲೆಯಲ್ಲೇ ಇಟ್ಟುಕೊಂಡರೆ ಸಮಾಜಕ್ಕೆ ದ್ರೋಹವಾಗುತ್ತದೆಂದು ದ್ವಾರಕಾನಾಥನಿಗೆ ಅನ್ನಿಸಿತು. ಕನ್ನಡ ಬಳಗದ ಕಾರ್ಯದರ್ಶಿ ನಂದನ್‌ಗೆ ಫೋನ್ ಮಾಡಿ, ಸಂಕ್ರಾಂತಿ ಕಾರ್ಯಕ್ರಮದಲ್ಲಿ ತನ್ನದೊಂದು ಉಪನ್ಯಾಸ ಇಡಿ ಎಂದ. ವಿಷಯ: ರಷ್ಯನ್ ಸಮಾಜದಲ್ಲಿ ಆತ್ಮಹತ್ಯೆ ಮತ್ತು ಆಧ್ಯಾತ್ಮಿಕ ಬಿಕ್ಕಟ್ಟು.

"ಸರ್," ಎಂದ ನಂದನ್, "ಮಕ್ಕಳು ಎಳ್ಳುಬೆಲ್ಲ ಹಂಚ್ತಿರ್ತಾರೆ ಸರ್. ಸಕ್ಕರೆ ಅಚ್ಚು ಬೇರೆ ಬೆಂಗಳೂರಿಂದ ತರಿಸಿದೀವಿ. ಅದರ ಮಧ್ಯ ಆತ್ಮಹತ್ಯೆ ಅಂದ್ರೆ... ಟಾಪಿಕ್ ಸ್ವಲ್ಪ ಪಾಸಿಟಿವ್ ಮಾಡ್ಕೊಳಕ್ಕೆ ಆಗುತ್ತಾ?"

"ಬಿಕ್ಕಟ್ಟನ್ನ ಪಾಸಿಟಿವ್ ಮಾಡೋದು ಹೇಗ್ರೀ?"

"ಹಾಗಾದ್ರೆ ಸಪರೇಟಾಗಿ ಇಟ್ಕೊಳ್ಳೋಣ ಸರ್. ಹಾಲ್ ಒಂದು ನೀವೇ ಬುಕ್ ಮಾಡಿಬಿಡಿ. ಜನಾನ ನಾನು ಸೇರಿಸ್ತೀನಿ. ಆಮೇಲೆ ಬಿಸಿಬೇಳೆ ಬಾತ್ ಇದೆ ಅಂತ ಮೆಸೇಜ್ ಹಾಕಿದ್ರೆ ಬರ್ತಾರೆ."

ಹಾಲ್ ಬುಕ್ ಮಾಡುವಂಥ ಕೆಲಸಗಳು ಹಂಸಾಳವು. ಆದರೆ ಆ ಶುಕ್ರವಾರ ಅವಳು "ನಂಗೆ ಆಗಲ್ಲ ರೀ, ಏಳೋಕೇ ಆಗ್ತಿಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ದ್ವಾರಕಾನಾಥ ರಜೆ ಹಾಕಿಬಿಟ್ಟಿದ್ದ. ಇಷ್ಟು ಮುಖ್ಯವಾದ ಹೊತ್ತಿನಲ್ಲೇ ಹೆಂಗಸರಿಗೆ ಸುಸ್ತಾಗುತ್ತದಲ್ಲ ಎಂದು ಗೊಣಗಿಕೊಂಡು, ತನ್ನ ಆಫೀಸ್ ಜಪಾನಿಯನ್ನೇ ನೆಚ್ಚಿಕೊಂಡು, ಸ್ಟೇಷನ್ ಹಿಂದಿನ ಸಮುದಾಯ ಭವನಕ್ಕೆ ಒಬ್ಬನೇ ಹೋದ.

ಕೌಂಟರಿನಲ್ಲಿ ಕನ್ನಡಕ ಹಾಕಿದ ಯುವಕನೊಬ್ಬನಿದ್ದ. ದ್ವಾರಕಾನಾಥ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಕಟ್ಟಿಕೊಂಡು ಬಂದಿದ್ದ: ಒಂದು ರೂಮ್ ಬೇಕು, ಆತ್ಮಹತ್ಯೆ ಬಗ್ಗೆ ಮಾತಾಡಬೇಕು. ಅದನ್ನು ಪದಕ್ಕೆ ಪದ ಜಪಾನಿಗೆ ಇಳಿಸಿದ. ಉಪನ್ಯಾಸ ಎಂಬುದಕ್ಕೆ ಜಪಾನಿ ಪದ ಗೊತ್ತಿರಲಿಲ್ಲ, ರಷ್ಯಾದ ಹೆಸರು ಗಡಿಬಿಡಿಯಲ್ಲಿ ಬಿಟ್ಟುಹೋಯಿತು. ಕೊನೆಗೆ ಒಂದು ಕ್ಷಮೆಯ ಮಾತಿನೊಂದಿಗೆ ಕೌಂಟರಿನ ಆಚೆ ತಲುಪಿದ್ದು ಇಷ್ಟು: "ಸುಮಿಮಾಸೆನ್. ಕೋಣೆ ಬೇಕಾಗಿದೆ. ಆತ್ಮಹತ್ಯೆ ಬಗ್ಗೆ ಮಾತಾಡಬೇಕು ಅನ್ನಿಸುತ್ತಿದೆ."

ಯುವಕ ಪೆನ್ನು ಕೆಳಗಿಟ್ಟ. "ನೀವು... ಒಬ್ಬರೇನಾ?"

"ಇಲ್ಲ. ನಲವತ್ತು ಜನ."

"ನಲವತ್ತು ಜನ," ಎಂದ ಯುವಕ. "ಎಲ್ಲರೂ ಒಟ್ಟಿಗೆ?"

"ಹಾಯ್! ಎಲ್ಲರೂ ಒಟ್ಟಿಗೆ," ಎಂದು ಜಪಾನಿಯಲ್ಲೇ ಹೌದೆಂದ ದ್ವಾರಕಾನಾಥ ಉತ್ಸಾಹದಿಂದ. "ಆಮೇಲೆ ಊಟ."

ಯುವಕ ಎದ್ದು ಒಳಗೆ ಹೋದ. ಬರುವಾಗ ಹಿರಿಯ ಅಧಿಕಾರಿಯೊಬ್ಬರನ್ನು ಕರೆತಂದ. ಅವರು ದ್ವಾರಕಾನಾಥನನ್ನು ಒಳಗೆ ಕೂರಿಸಿ ಬಿಸಿ ಚಹಾ ಕೊಟ್ಟರು, ಇಷ್ಟು ದೂರ ಬಂದು ಹೇಳಿದ್ದಕ್ಕೆ ಅರಿಗಾತೋ ಎಂದು ಧನ್ಯವಾದ ಹೇಳಿದರು, ವಿಳಾಸ, ಫೋನ್ ನಂಬರ್, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದೆಲ್ಲ ಮೆಲ್ಲನೆ ಕೇಳಿ, ಬಾಗಿಲವರೆಗೆ ಬಂದು ಬಗ್ಗಿ ಬೀಳ್ಕೊಟ್ಟರು. ಇಷ್ಟು ವರ್ಷಗಳಲ್ಲಿ ಜಪಾನಿನ ಯಾವ ಕಚೇರಿಯಲ್ಲೂ ತನಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ವಿದ್ವತ್ತಿಗೆ ಬೆಲೆ ಕೊಡುವ ದೇಶ ಇದು ಎಂದು ಮನೆಗೆ ಬಂದು ಹಂಸಾಳಿಗೆ ಹೇಳಿದ. ಅವಳು ಇನ್ನೂ ಗೋಡೆಯ ಕಡೆ ತಿರುಗಿಯೇ ಮಲಗಿದ್ದಳು. ಅದನ್ನು ಅವನು ಗಮನಿಸಿದ; ಮಧ್ಯಾಹ್ನದ ಅಡುಗೆ ಆಗಿಲ್ಲ ಎಂಬ ಕಾರಣಕ್ಕೆ.

ಮರುದಿನ ಶನಿವಾರ. ಲಾಸ್ಯಾ ಈಜು ಕ್ಲಾಸಿಗೆ ಹೋದಮೇಲೆ ಬಾಗಿಲ ಗಂಟೆ ಸದ್ದಾಯಿತು. ಹೊರಗೆ ಎಪ್ಪತ್ತರ ಆಸುಪಾಸಿನ, ಬೆನ್ನು ಸ್ವಲ್ಪ ಬಾಗಿದ ಹೆಂಗಸು, ಕೈಯಲ್ಲಿ ಅಕ್ಕಿಬಿಸ್ಕತ್ತಿನ ಪೊಟ್ಟಣ. ಒಗಾಟಾ ಎಂದು ಪರಿಚಯ ಹೇಳಿಕೊಂಡರು. ಆ ಬೀದಿಗಳ ಜನರ ಕಷ್ಟಸುಖ ವಿಚಾರಿಸಲು ಊರಿನವರು ನೇಮಿಸಿದ ಸ್ವಯಂಸೇವಕಿ. ಸಮುದಾಯ ಭವನದವರು ಹೇಳಿದರು, ತಮ್ಮ ಜೊತೆ ಮಾತಾಡೋಣವೆಂದು ಬಂದೆ ಎಂದರು. ದ್ವಾರಕಾನಾಥ ಅದನ್ನು ತನಗೆ ತಿಳಿದಂತೆ ಅರ್ಥ ಮಾಡಿಕೊಂಡ: ಉಪನ್ಯಾಸದ ಮೊದಲೇ ಶ್ರೋತೃವೊಬ್ಬರು ಮನೆ ಹುಡುಕಿಕೊಂಡು ಬಂದಿದ್ದಾರೆ.

"ಹಂಸಾ, ಎದ್ದು ಬಾ. ಟೀ ಮಾಡು. ಮತ್ತೆ ಟ್ರಾನ್ಸ್‌ಲೇಟ್ ಮಾಡಕ್ಕೆ ಕೂತ್ಕೋ."

ಹಂಸಾ ಎದ್ದಳು, ತಲೆ ಬಾಚಿಕೊಂಡಳು, ಟೀ ಮಾಡಿದಳು, ಇಬ್ಬರ ನಡುವೆ ಕೂತಳು. ದ್ವಾರಕಾನಾಥ ಜೀತ ರದ್ದಾದಲ್ಲಿಂದ ಶುರುಹಚ್ಚಿಕೊಂಡ. ಪಾದ್ರಿಗಳು, ಡಾಕ್ಟರುಗಳು, ಮೊದಲ ಕ್ರಾಂತಿಯ ಸೋಲಿನ ನಂತರ ಕಂಗೆಟ್ಟ ವಿದ್ಯಾರ್ಥಿಗಳು, ದೇಶ ಬಿಟ್ಟು ಹೋದ ತತ್ತ್ವಜ್ಞಾನಿಗಳು, ಯಾರನ್ನೂ ಬಿಡಲಿಲ್ಲ. ಅವನು ಒಂದು ಪುಟದಷ್ಟು ಹೇಳಿದರೆ ಹಂಸಾ ಒಂದು ಸಾಲು ಹೇಳುತ್ತಿದ್ದಳು. ತಪ್ಪು ಹುಡುಕುವವನಿಗೆ ಅನುಮಾನ ಬಂತು.

"ಇಷ್ಟು ಚಿಕ್ಕದಾಗಿ ಏನ್ ಹೇಳ್ದೆ?"

"ಬಹಳ ಓದಿದೀನಿ ಅಂತ ಹೇಳಿದೆ."

ಒಗಾಟಾ ಸಾನ್ ತಲೆದೂಗುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕಪ್ಪನ್ನು ಪಕ್ಕಕ್ಕಿಟ್ಟು, ತರಬೇತಿಯಲ್ಲಿ ಹೇಳಿಕೊಟ್ಟಿದ್ದ ಪ್ರಶ್ನೆಯನ್ನು, ಸುತ್ತುಬಳಸು ಮಾಡದೆ, ಮುಖ ನೋಡಿ ಕೇಳಿದರು. ಕೇಳುವುದರಿಂದ ಕೆಡುಕಾಗುವುದಿಲ್ಲ, ಕೇಳದೆ ಬಿಡಬಾರದು ಎಂದು ಅವರಿಗೆ ಕಲಿಸಿದ್ದರು. ಹಂಸಾ ಅದನ್ನು ಕನ್ನಡಕ್ಕೆ ತಂದಳು.

"ಸಾಯಬೇಕು ಅಂತ ಅನ್ನಿಸುತ್ತಾ?"

ದ್ವಾರಕಾನಾಥ ನಕ್ಕ. "ಇದು ಪರ್ಸನಲ್ ಕ್ವೆಶ್ಚನ್ ಅಲ್ಲ ಅಂತ ಹೇಳು. ಇದು ಒಂದು ಯುಗದ ಪ್ರಶ್ನೆ. ವ್ಯಕ್ತಿಗೆ ಅನ್ನಿಸೋದು ಮುಖ್ಯ ಅಲ್ಲ, ಆ ಅನ್ನಿಸಿಕೆ ಹಿಂದೆ ಇರೋ ಶೂನ್ಯ ಇದೆಯಲ್ಲ, ಅದು ಮುಖ್ಯ. ಪ್ರಾಕ್ಟಿಕಲ್ ಆಗಿ ನೋಡಿದ್ರೆ ನಂಗೆ ಯಾಕೆ ಹಾಗನ್ನಿಸಬೇಕು? ಸೆಟ್ಲ್ ಆಗಿದೀನಿ, ಫ್ಯಾಮಿಲಿ ಚೆನ್ನಾಗಿದೆ. ಪ್ರಶ್ನೆ ಇರೋದು ಅರ್ಥದ ಬಗ್ಗೆ. ಹೇಳು."

ಹಂಸಾ ಹೇಳಲಿಲ್ಲ. ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ ಕೂತಳು. ಅವಳು ಹೀಗೆ ತಡೆದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಆಮೇಲೆ ಒಗಾಟಾ ಸಾನ್ ಕಡೆ ಮುಖವೆತ್ತಿ ಹೇಳಿದಳು: "ಹಾಯ್. ತೊಕಿದೊಕಿ."

ಆ ಪದ ದ್ವಾರಕಾನಾಥನಿಗೆ ಚೆನ್ನಾಗಿ ಗೊತ್ತಿತ್ತು. ಸಾಫ್ಟ್‌ವೇರಿನ ಕೆಲವು ದೋಷಗಳು ಪರೀಕ್ಷೆ ಮಾಡುವಾಗ ಅಡಗಿ, ಯಾರೂ ನೋಡದಾಗ ಹೊರಬರುತ್ತವೆ. ಅಂಥವುಗಳ ಬಗ್ಗೆ ಜಪಾನಿ ಸಹೋದ್ಯೋಗಿಗಳು ದಿನಾ ಹೇಳುವ ಮಾತು ಅದು. ತೊಕಿದೊಕಿ, ಆಗಾಗ.

"ಏ, ನಾನು ಹಾಗೆ ಹೇಳ್ಲೇ ಇಲ್ಲ," ಎಂದ.

"ನೀವು ಹೇಳ್ಲಿಲ್ಲ," ಎಂದಳು ಹಂಸಾ.

"ಮತ್ತೆ ತಪ್ಪು ಟ್ರಾನ್ಸ್‌ಲೇಟ್ ಮಾಡಿದ್ಯಲ್ಲ?"

"ತಪ್ಪಲ್ಲ ರೀ."

ಕನ್ನಡದ ಹಾಗೆ ಜಪಾನಿಯಲ್ಲೂ ಯಾರಿಗೆ ಎಂದು ಹೇಳದೆಯೇ ವಾಕ್ಯ ಮುಗಿಸಬಹುದು. ಅನ್ನಿಸುತ್ತದೆ, ಆಗಾಗ, ಅಷ್ಟೇ. ಯಾರಿಗೆ ಎಂಬುದು ಎದುರಿಗಿದ್ದವರಿಗೆ ತಿಳಿಯಬೇಕು. ಒಂದಕ್ಷರ ಕನ್ನಡ ಬಾರದ ಒಗಾಟಾ ಸಾನ್‌ಗೆ ತಿಳಿಯಿತು. ಅವರು ದ್ವಾರಕಾನಾಥನಿಗೆ ಸುಮಿಮಾಸೆನ್ ಎಂದು ತಲೆಬಾಗಿ, ಕೂತಿದ್ದ ದಿಂಬನ್ನು ಎಳೆದುಕೊಂಡು ಹಂಸಾಳ ಎದುರಿಗೆ ತಿರುಗಿ ಕೂತರು, ಅವಳ ಕೈ ಹಿಡಿದುಕೊಂಡರು.

ಹಂಸಾ ಮಾತಾಡಿದಳು. ಇಷ್ಟು ದಿನ ಅವಳು ಇಷ್ಟೊಂದು ಮಾತಾಡಿದ್ದೇ ಇಲ್ಲವೇನೋ. ಜಪಾನಿ ಎಷ್ಟು ವೇಗವಾಗಿ ಬರುತ್ತಿತ್ತೆಂದರೆ ದ್ವಾರಕಾನಾಥನಿಗೆ ಅಲ್ಲೊಂದು ಇಲ್ಲೊಂದು ಪದ ಮಾತ್ರ ಸಿಕ್ಕಿತು. ಬೆಳಗ್ಗೆ. ಒಬ್ಬಳೇ. ಬಟ್ಟೆ. ಮಗಳು. ಮತ್ತೆ ಒಬ್ಬಳೇ. ಸ್ವಂತ ಮನೆಯ ನಡುಮನೆಯಲ್ಲಿ ಕೂತಿದ್ದರೂ, ತನ್ನ ಹೆಂಡತಿ ಹೇಳುತ್ತಿರುವುದು ತನಗೆ ತಿಳಿಯುತ್ತಿಲ್ಲ. ಹೆದರಿಕೆಯಾಯಿತು. ಪುಸ್ತಕದಲ್ಲಿ ಎಲ್ಲೂ ಓದಿರದ, ಸಾದಾ ಹೆದರಿಕೆ.

ಓದಿದ್ದು ನೆನಪಿಗೆ ಬಾರದೆ ಇರಲಿಲ್ಲ. ಅಂಥ ಮನಸ್ಸಿನವರು ತಮ್ಮೊಳಗೇ ಮುಚ್ಚಿಕೊಂಡಿರುತ್ತಾರೆ, ಲೋಕ ಅವರಿಗೆ ಕಾಣುವುದಿಲ್ಲ ಎಂದು ಒಬ್ಬರು ಬರೆದಿದ್ದರು. ಅದರ ಕೆಳಗೆ ಅವನು ಗೆರೆ ಎಳೆದಿದ್ದ. ಈ ಮನೆಯಲ್ಲಿ ಮುಚ್ಚಿಕೊಂಡು ಕೂತಿದ್ದವರು ಯಾರು, ಲೋಕ ಕಾಣದೆ ಇದ್ದದ್ದು ಯಾರಿಗೆ ಎಂದು ಯೋಚಿಸಿದರೆ ಉತ್ತರಕ್ಕೆ ತತ್ತ್ವಶಾಸ್ತ್ರವೇನೂ ಬೇಕಿರಲಿಲ್ಲ. ನಿನ್ನೆ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಾಗ ಅವನು ಅಡುಗೆ ಕೇಳಿದ್ದ.

"ಏನಂತೆ ಹಂಸಾ? ನಂಗೂ ಹೇಳು."

"ಕನ್ನಡದಲ್ಲಿ ಹೇಳಕ್ಕಾಗಲ್ಲ ರೀ," ಎಂದಳು ಅವಳು. ಕಣ್ಣು ತುಂಬಿತ್ತು, ದನಿ ಮಾತ್ರ ನೆಟ್ಟಗಿತ್ತು. "ಕನ್ನಡದಲ್ಲಿ ಹೇಳಿದ್ರೆ ಊರಲ್ಲಿರೋ ಅಮ್ಮಂಗೆ ಕೇಳಿಸಿಬಿಡುತ್ತೆ ಅನ್ಸುತ್ತೆ."

ಆಗ ಒಗಾಟಾ ಸಾನ್ ಅವನ ಕಡೆ ತಿರುಗಿದರು. ಸಣ್ಣ ಮಗುವಿಗೆ ಹೇಳುವಷ್ಟು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಜಪಾನಿಯಲ್ಲಿ ಹೇಳಿದರು. "ನಿಮ್ಮ ಹೆಂಡತಿ. ತುಂಬಾ ದಿನದಿಂದ. ಒಂಟಿ. ಕಷ್ಟ. ಯಾರಿಗೂ ಹೇಳಿಲ್ಲ. ಇವತ್ತು ಹೇಳಿದರು. ಒಳ್ಳೆಯದಾಯಿತು." ಆಮೇಲೆ ಕೇಳಿದರು, "ಅರ್ಥವಾಯಿತೇ?"

ಆಫೀಸಿನಲ್ಲಿ ಯಾರು ಏನು ಕೇಳಿದರೂ, ತಲೆಬುಡ ತಿಳಿಯದಿದ್ದರೂ, ಹಾಯ್ ಎಂದುಬಿಡುವುದು ಅವನಿಗೆ ರೂಢಿ. ಇವತ್ತು ಒಗಾಟಾ ಸಾನ್ ಹೇಳಿದ ಪ್ರತಿಯೊಂದು ಪದವೂ ತಿಳಿದಿತ್ತು. ಆದರೂ ಹಾಯ್ ಬಾಯಿಗೆ ಬರಲಿಲ್ಲ.

"ಇಲ್ಲ," ಎಂದ. "ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಂದು ಸಲ ಹೇಳಿ."

ಒಗಾಟಾ ಸಾನ್ ಹಂಸಾಳ ಮುಖ ನೋಡಿದರು. ಹಂಸಾ ಸೆರಗಿಲ್ಲದ ಚೂಡಿದಾರದ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಈ ಸಲ ಕನ್ನಡ ಬಂತು, ತಡೆತಡೆದು.

"ಬೆಳಗ್ಗೆ ನೀವಿಬ್ರೂ ಹೋದ್ಮೇಲೆ, ನಾನು ಯಾಕೆ ಇರ್ಬೇಕು ಅಂತ ಹುಡುಕ್ತೀನಿ ರೀ. ದಿನಾ ಹುಡುಕ್ತೀನಿ. ಲಾಸ್ಯಾ ಸ್ಕೂಲಿಂದ ಬರ್ತಾಳೆ ಅನ್ನೋದು ಸಿಗುತ್ತೆ. ಸಂಜೆವರೆಗೆ ಅದನ್ನ ಹಿಡ್ಕೊಂಡಿರ್ತೀನಿ. ಕೆಲವು ದಿನ ಅದೂ ಸಿಗಲ್ಲ."

ದ್ವಾರಕಾನಾಥನಿಗೆ ಅಳು ಬಂತು. ಬಾಯಿ ತೆರೆದ, ಏನಾದರೂ ಹೇಳಬೇಕೆಂದು. ಹೇಳಿದ್ದೆಲ್ಲ ತನ್ನ ಬಗ್ಗೆಯೇ ಆಗಿಬಿಡುತ್ತದೆ ಎಂದು ಭಯವಾಗಿ ಮುಚ್ಚಿದ. ಒಗಾಟಾ ಸಾನ್ ಚೀಲದಿಂದ ಫೋನ್ ತೆಗೆದು, ತನಗೆ ಪರಿಚಯವಿದ್ದ ವೈದ್ಯೆಯೊಬ್ಬರ ಬಳಿ ಸೋಮವಾರಕ್ಕೆ ಸಮಯ ಗೊತ್ತುಮಾಡಿದರು. ಅಲ್ಲಿಯವರೆಗೆ ಹಂಸಾಳನ್ನು ಒಬ್ಬಳೇ ಬಿಡಬೇಡಿ, ನಾಳೆ ತಾನೂ ಬರುತ್ತೇನೆ ಎಂದರು. ಅವನು ಎರಡು ಸಲ ಹೇಳಿಸಿಕೊಂಡು ಅರ್ಥಮಾಡಿಕೊಂಡ.

ಅವರು ಹೋದಮೇಲೆ ಇಬ್ಬರೇ ಉಳಿದರು. ಬಟ್ಟಲಲ್ಲಿ ಯಾರೂ ಮುಟ್ಟದ ಅಕ್ಕಿಬಿಸ್ಕತ್ತುಗಳಿದ್ದವು. ಸಮುದಾಯ ಭವನದಿಂದ ಫೋನ್ ಬಂತು. ಅವನು ಎತ್ತಿ, ರೂಮ್ ಬೇಡ, ಸುಮಿಮಾಸೆನ್ ಎಂದಷ್ಟೇ ಹೇಳಿ ಇಟ್ಟ. ಬಳಗದವರು ಬಿಸಿಬೇಳೆ ಬಾತನ್ನು ರದ್ದು ಮಾಡದೆ ಬೇರೆ ಜಾಗದಲ್ಲಿ ಇಟ್ಟುಕೊಂಡರೆಂದೂ, ಉಪನ್ಯಾಸವಿಲ್ಲದ್ದಕ್ಕೆ ಇನ್ನಷ್ಟು ಜನ ಸೇರಿದರೆಂದೂ ಆಮೇಲೆ ತಿಳಿಯಿತು.

"ಸೋಮವಾರ ಆಫೀಸ್ ಇದ್ಯಲ್ಲ ನಿಮ್ಗೆ?" ಎಂದು ಕೇಳಿದಳು ಹಂಸಾ.

"ಹೋಗಲ್ಲ. ನಿನ್ ಜೊತೆ ಬರ್ತೀನಿ. ಡಾಕ್ಟರ್‌ಗೆ ನಾನು..." ಎಂದು ಶುರುಮಾಡಿದ.

"ಅಲ್ಲಿ ನೀವು ಏನೂ ಹೇಳೋದು ಬೇಡ ರೀ," ಎಂದಳು ಅವಳು. "ನಂದು ನಾನೇ ಹೇಳ್ಕೊತೀನಿ. ನೀವು ಪಕ್ಕದಲ್ಲಿ ಕೂತಿರಿ, ಸಾಕು."

"ಕೂತಿರ್ತೀನಿ," ಎಂದ ದ್ವಾರಕಾನಾಥ. ಆಮೇಲೆ ಲಾಸ್ಯಾ ಬರುವವರೆಗೂ ಅವನು ಅವಳ ಪಕ್ಕದಲ್ಲೇ ಕೂತಿದ್ದ.